ಟೀಚರ್ ತಾರಸಿಯ ಜಾಹೀರಾತು

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದಾಗ ಹೇಳದೆ ಮೂರು ವಾರ ಬಾಯಿ ಮುಚ್ಚಿಕೊಂಡು ಕೂತವಳು ನಾನು. ಬೇರೆ ಹೊತ್ತಿನಲ್ಲಿ ನನ್ನ ಬಾಯಿ ಮುಚ್ಚಿಸಲು ಆ ಬ್ರಹ್ಮನಿಂದಲೂ ಆಗುವುದಿಲ್ಲ.

ಬನಶಂಕರಿಯ ನಮ್ಮ ತಾರಸಿ ತೋಟದ ಸಂಘಕ್ಕೆ ನಾನು ಕಾರ್ಯದರ್ಶಿ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಸೇರುತ್ತೇವೆ. ಬೀಜ, ಕಡ್ಡಿ, ಸಸಿ ಬದಲಾಯಿಸಿಕೊಳ್ಳುತ್ತೇವೆ, ಯಾರ ಮನೆಯ ಬದನೆಗೆ ಹುಳ ಬಿತ್ತು ಎಂದು ದುಃಖ ತೋಡಿಕೊಳ್ಳುತ್ತೇವೆ. ಒಂದು ಕಾಲಕ್ಕೆ ಬೆಂಚು ಸಾಲದಷ್ಟು ಜನ ಬರುತ್ತಿದ್ದರು. ಹೋದ ವರ್ಷದ ಹೊತ್ತಿಗೆ ಒಂಬತ್ತಕ್ಕೆ ಇಳಿದೆವು, ಅದರಲ್ಲೂ ಇಬ್ಬರು ಬರುತ್ತಿದ್ದದ್ದು ಆಮೇಲಿನ ಇಡ್ಲಿಗೆ. ನನ್ನ ಕೈಯಲ್ಲಿ ಸಂಘ ಮುಳುಗಿತು ಅನ್ನಿಸಿಕೊಳ್ಳಬಾರದು ಎಂಬ ಹಟ ನನಗೆ. ದುಡ್ಡು ಕೊಟ್ಟು ಫೋನಿನಲ್ಲಿ ಜಾಹೀರಾತು ಹಾಕೋಣ ಎಂದೆ. ಎಲ್ಲರೂ ತಲೆಯಾಡಿಸಿದರು.

ಜಾಹೀರಾತಿಗೆ ಒಂದು ವಿಡಿಯೋ ಬೇಕಲ್ಲ. ನಮ್ಮಲ್ಲಿ ತೋರಿಸುವಂಥ ತೋಟ ಇದ್ದದ್ದು ಟೀಚರ್‌ದು ಒಂದೇ. ನಿವೃತ್ತ ಹೊಲಿಗೆ ಟೀಚರ್ ಅವರು, ಶ್ರೀನಗರದ ಹಳೇ ಮನೆಯೊಂದರ ಮಹಡಿಯಲ್ಲಿ ಹದಿನೆಂಟು ವರ್ಷದಿಂದ ಬಾಡಿಗೆಗಿದ್ದರು. ಮೇಲಿನ ತಾರಸಿಯಲ್ಲಿ ಅವರ ಕುಂಡಗಳು. ಬಟ್ಟೆ ಒಣಹಾಕಲು ಮಾತ್ರ ಎಂದು ಓನರ್ ಕೊಟ್ಟಿದ್ದ ತಾರಸಿ ಅದು. ಬಾಡಿಗೆ ನೇರ ಬ್ಯಾಂಕಿಗೆ ಹೋಗುತ್ತಿದ್ದುದರಿಂದ ಆತ ವರ್ಷಗಳಿಂದ ಮೆಟ್ಟಿಲು ಹತ್ತಿರಲಿಲ್ಲ.

"ಗಿಡ ಎಷ್ಟು ಬೇಕಾದ್ರೂ ತೆಗೀರಿ. ಮನೆ ಮಾತ್ರ ಕಾಣಬಾರ್ದು," ಎಂದರು ಟೀಚರ್.

"ಅಯ್ಯೋ, ನಂಗೊತ್ತಿಲ್ವಾ?" ಎಂದೆ.

ಗೊತ್ತಿತ್ತು. ಆದರೆ ಆ ಪ್ಯಾರಾಪೆಟ್ ಗೋಡೆಯ ಮೇಲೆ ಸಿಮೆಂಟಿನ ಎರಡು ನವಿಲುಗಳಿದ್ದವು, ಹಳೇ ಕಾಲದವು. ಅವುಗಳ ಕುತ್ತಿಗೆಗೆ ಚಪ್ಪರದವರೆ ಬಳ್ಳಿ ಸುತ್ತಿಕೊಂಡು, ನೇರಳೆ ಹೂ ಬಿಟ್ಟು, ಏನು ಚೆಂದ ಅಂತೀರಿ! ಟೀಚರ್ ಕಾಫಿ ತರಲು ಕೆಳಗಿಳಿದಾಗ ಅದರ ವಿಡಿಯೋ ತೆಗೆದುಕೊಂಡೆ. ಮನೆಯ ಗುರುತು ಹತ್ತುವ ಬೇರೆ ಎಲ್ಲವನ್ನೂ ಕತ್ತರಿಸಿದೆ, ನವಿಲನ್ನು ಮಾತ್ರ ಕತ್ತರಿಸಲು ಮನಸ್ಸು ಬರಲಿಲ್ಲ. ಹತ್ತಿರದವರೇ ಸದಸ್ಯರಾಗಲಿ ಎಂದು ಸುತ್ತಲ ನಾಲ್ಕು ಕಿಲೋಮೀಟರಿನವರಿಗೆ ಕಾಣುವಂತೆ ದುಡ್ಡು ಕಟ್ಟಿದೆ.

ಫೋನು ಬಂದವು ನೋಡಿ! ಕತ್ರಿಗುಪ್ಪೆಯಿಂದ, ಜೆ.ಪಿ. ನಗರದಿಂದ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರನೇ ದಿನ ಹೊಸಕೆರೆಹಳ್ಳಿಯಿಂದ ಒಬ್ಬ ಗಂಡಸು ಫೋನು ಮಾಡಿದರು.

"ಮೇಡಂ, ಆ ನವಿಲಿರೋ ಗಾರ್ಡನ್ ಸಖತ್ತಾಗಿದೆ. ಶ್ರೀನಗರದ್ದಾ?"

"ಹೂಂ ಸಾರ್, ಶ್ರೀನಗರದ್ದೇ!"

"ಎಷ್ಟು ಕುಂಡ ಇರಬಹುದು?"

"ಇನ್ನೂರರ ಮೇಲಿದೆ ಸಾರ್. ಡ್ರಮ್ಮುಗಳು ಬೇರೆ."

"ದಿನಾ ನೀರು ಹಾಕ್ಬೇಕೇನೋ?"

"ಎರಡು ಹೊತ್ತು! ಮಗು ಥರ ನೋಡ್ಕೋತಾರೆ. ಬನ್ನಿ ಸಾರ್, ಭಾನುವಾರ ಪಾರ್ಕಿಗೆ."

"ಬರ್ತೀನಿ," ಎಂದು ಇಟ್ಟರು. ಪಾರ್ಕಿಗೆ ಬರಲಿಲ್ಲ. ಮಾರನೇ ದಿನ ಟೀಚರ್ ಮನೆಯ ತಾರಸಿ ಹತ್ತಿದರು. ಮನೆಯ ಓನರ್ ಅವರೇ, ಆ ನವಿಲು ಮಾಡಿಸಿದ್ದು ಅವರ ಅಪ್ಪ.

ಓನರ್ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಕುಂಡಗಳ ನೀರಿಗೆ ಸೂರು ನೆಂದು ಗಾರೆ ಉದುರುತ್ತಿತ್ತು, ಎರಡು ವಾರದಲ್ಲಿ ತಾರಸಿಯಿಂದ ಗಿಡವೆಲ್ಲ ಖಾಲಿ ಮಾಡಿ ಎಂದರು. ಹೇಗೆ ಗೊತ್ತಾಯಿತು ಎಂದು ಟೀಚರ್ ಕೇಳಿದ್ದಕ್ಕೆ "ಗೊತ್ತಿರೋರೇ ಹೇಳಿದ್ರು" ಎಂದಷ್ಟೇ ಅಂದರಂತೆ. ಆ ಗೊತ್ತಿರೋರು ನಾನು. ಟೀಚರ್ ನನಗೆ ಫೋನು ಮಾಡಿ ಅತ್ತರು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಅಂದರು, "ಕೆಳಗಿನ ಮನೆಯವಳ ಕೆಲಸ ಇದು. ಹಪ್ಪಳದ ಮೇಲೆ ನೀರು ಬಿತ್ತು ಅಂತ ಹೋದ್ತಿಂಗಳು ಜಗಳಕ್ಕೆ ಬಂದಿದ್ಲಲ್ಲ."

ನಾನು "ಹೌದಾ?" ಎಂದೆ.

ಅಷ್ಟೇ. ಒಂದು "ಹೌದಾ". ಅದರ ಮೇಲೆ ಮೂರು ವಾರ ಕೂತೆ.

ಕೆಳಮನೆಯಾಕೆಯೂ ಬಾಡಿಗೆಯವರೇ. ಹದಿನೈದು ವರ್ಷದಿಂದ ಟೀಚರ್ ಕೊಟ್ಟ ಸೊಪ್ಪಿನಲ್ಲೇ ಅವರ ಮನೆಯ ಸಾರು. ಟೀಚರ್‌ಗೆ ಜ್ವರ ಬಂದರೆ ಗಂಜಿ ಹೊತ್ತು ತರುತ್ತಿದ್ದವರು ಆಕೆಯೇ. ಅಂಥವರ ಬಾಗಿಲಲ್ಲಿ ನಿಂತು ಟೀಚರ್ "ಉಂಡ ಮನೆಗೆ ಎರಡು ಬಗೆಯೋಳು ನೀನು" ಎಂದುಬಿಟ್ಟಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಹಾಕುವಾಗ ನಾನು ಜಾಹೀರಾತಿಗೆ ಎಷ್ಟು ಲೈಕು ಬಂತು ನೋಡುತ್ತಿದ್ದೆ.

ಮುಂದಿನ ಭಾನುವಾರ ಪಾರ್ಕಿನಲ್ಲಿ ಇಪ್ಪತ್ತೆರಡು ಹೊಸ ಮುಖಗಳು. ಟೀಚರ್ ಗೂಡ್ಸ್ ಆಟೋದಲ್ಲಿ ಕುಂಡಗಳನ್ನು ತರಿಸಿ ಸಾಲಾಗಿ ಇಡಿಸಿದ್ದರು. ಕರಿಬೇವು, ದೊಡ್ಡಪತ್ರೆ, ಮಲ್ಲಿಗೆ, ಡ್ರಮ್ಮಿನ ನಿಂಬೆಗಿಡ. ಒಂದೊಂದನ್ನೂ ಕೈಗಿಡುತ್ತ, ಇದಕ್ಕೆ ಬಿಸಿಲು ಬೇಕು, ಇದಕ್ಕೆ ಜಾಸ್ತಿ ನೀರು ಹಾಕಬೇಡಿ ಎಂದು ಹೇಳಿದರು. ಹೊಸಬರಿಗೆ ಅದು ಸಂಘದ ಸ್ವಾಗತದ ಕಾಣಿಕೆ ಎಂದೇ ಭಾವನೆ. "ಸೂಪರ್ ಕ್ಲಬ್ ಮೇಡಂ, ಪ್ರತಿ ತಿಂಗಳೂ ಕೊಡ್ತೀರಾ?" ಎಂದು ಒಬ್ಬಾಕೆ ನನ್ನನ್ನು ಕೇಳಿದಳು. ನಾಚಿಕೆಯಿಂದ ನೆಲ ನೋಡಿದೆ. ಆದರೆ ನಿಂಬೆಗಿಡವನ್ನು ಟೀಚರ್ ನನಗೇ ಕೊಟ್ಟಾಗ ತೆಗೆದುಕೊಂಡೆ. ಬೇಡ ಎಂದರೆ ಏಕೆ ಎಂದು ಕೇಳುತ್ತಾರಲ್ಲ! ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಆಮೇಲೆ ಒಂದು ಸಂಜೆ ಕತ್ರಿಗುಪ್ಪೆಯ ತರಕಾರಿ ಅಂಗಡಿಯಲ್ಲಿ ಕೆಳಮನೆಯಾಕೆ ಸಿಕ್ಕರು. ದಂಟಿನ ಸೊಪ್ಪಿನ ಕಟ್ಟು ಹಿಡಿದುಕೊಂಡಿದ್ದರು.

"ಮೇಡಂ, ನಾನು ಓನರ್‌ಗೆ ಏನೂ ಹೇಳಿಲ್ಲ. ನನ್ನ ಮಕ್ಕಳಾಣೆ. ನೀವೊಂದ್ಮಾತು ಹೇಳ್ತೀರಾ ಟೀಚರ್‌ಗೆ? ನಿಮ್ಮ ಮಾತಾದ್ರೆ ನಂಬ್ತಾರೆ."

ನನ್ನ ಮಾತಾದರೆ ನಂಬುತ್ತಾರಂತೆ! ಹೇಳ್ತೀನಿ ಎಂದೆ. ಮನೆಗೆ ಬಂದು ಊಟ ಸೇರಲಿಲ್ಲ.

ಮಾರನೇ ದಿನ ಬೆಳಿಗ್ಗೆಯೇ ಟೀಚರ್ ಮನೆಗೆ ಹೋದೆ. ನವಿಲು, ಆ ಫೋನು, ನಾನು ಕೊಚ್ಚಿಕೊಂಡದ್ದು, ಎಲ್ಲವನ್ನೂ ಹೇಳಿದೆ. ಬೈಯಲಿ, ನಿಂಬೆಗಿಡ ವಾಪಸ್ ಕೇಳಲಿ ಎಂದು ಕಾಯುತ್ತಿದ್ದೆ. ಟೀಚರ್ ಗಿಡದ ಸುದ್ದಿಯನ್ನೇ ಎತ್ತಲಿಲ್ಲ.

"ಅವಳು ಹೇಳಿಲ್ವಾ ಹಾಗಾದ್ರೆ?" ಎಂದರು.

"ಇಲ್ಲ ಟೀಚರ್."

ಎದ್ದು ಚಪ್ಪಲಿಯೂ ಹಾಕದೆ ಮೆಟ್ಟಿಲಿಳಿದರು. ನಾನು ಹಿಂದೆಯೇ ಓಡಿದೆ. ಕೆಳಮನೆಯಾಕೆ ಬಾಗಿಲು ತೆರೆದರು.

"ತಪ್ಪಾಯ್ತು ಕಣೇ. ನೀನಲ್ಲ ಅಂತ ಗೊತ್ತಾಯ್ತು," ಎಂದರು ಟೀಚರ್.

ಆಕೆ ನನ್ನ ಮುಖ ನೋಡಿದರು, ಟೀಚರ್ ಮುಖ ನೋಡಿದರು. ಕಣ್ಣು ತುಂಬಿತ್ತು, ಆದರೆ ಬಾಗಿಲಿನಿಂದ ಸರಿಯಲಿಲ್ಲ.

"ನೀವು ಅಂದಿದ್ದು ನನ್ನ ಸೊಸೆ ಎದುರಿಗೆ, ಟೀಚರ್. ಅವಳೀಗ ಕೆಲಸಕ್ಕೆ ಹೋಗಿದ್ದಾಳೆ."

ಟೀಚರ್ ಕೇಳಿದರು, "ಎಷ್ಟೊತ್ತಿಗೆ ಬರ್ತಾಳೆ?"

"ಆರು ಗಂಟೆ ಆಗುತ್ತೆ."

"ಬರ್ಲಿ. ಅವಳ ಎದುರಿಗೇ ಹೇಳ್ತೀನಿ," ಎಂದು ಟೀಚರ್ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಆಗಿನ್ನೂ ಹನ್ನೊಂದು ಗಂಟೆ. ಎಪ್ಪತ್ತು ದಾಟಿದವರು, ಮಂಡಿ ನೋವು ಬೇರೆ. ನನಗೆ ತಡೆಯಲಾಗಲಿಲ್ಲ, ಪಕ್ಕದಲ್ಲಿ ಕೂರಲು ಹೋದೆ.

"ನೀವ್ಯಾಕೆ ಕೂತ್ಕೋತೀರಿ?" ಎಂದರು ಟೀಚರ್. ದನಿಯಲ್ಲಿ ಸಿಟ್ಟಿರಲಿಲ್ಲ. "ಹೇಳಿ ಹಗುರ ಆಯ್ತಲ್ಲ ನಿಮ್ಗೆ. ಹೊರಡಿ."