ಬಿಷಪ್ಪರ ಪಡೆ

ನನ್ನ ಗಂಡ ಹೊರೇಸ್ ಆಲ್ಸಪ್ ಇಂಗ್ಲೆಂಡಿನ ಇಲ್ಕೆಸ್ಟನ್ ಊರಿನ ಕಾಲುಚೀಲದ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ. ಪ್ರಾಯದಲ್ಲಿ ಸೇನೆಗೆ ಕರೆ ಬಂದಾಗ, ಚಪ್ಪಟೆ ಪಾದದವನೆಂದು ಬಾಗಿಲಿಂದಲೇ ವಾಪಸು ಕಳಿಸಿದ್ದರಂತೆ. ಅಂಥವನು ಸಾಯುವ ಹೊತ್ತಿಗೆ ನಮ್ಮ ಹಿಂದಿನ ಕೋಣೆಯ ಕಪಾಟುಗಳ ತುಂಬ ಸೈನ್ಯ ಕೂಡಿಹಾಕಿದ್ದ. ಎಲ್ಲ ಸೀಸದ ಸಿಪಾಯಿಗಳು, ಹೆಬ್ಬೆರಳಿನಷ್ಟು ಎತ್ತರದವರು.

ಇದೆಲ್ಲ ಶುರುವಾದದ್ದು ಒಂದು ಕೆಟ್ಟ ಬಾಯ್ಲರಿನಿಂದ. ನಮ್ಮ ಮದುವೆಯಾಗಿ ಸ್ವಲ್ಪ ವರ್ಷವಾಗಿತ್ತು. ಚರ್ಚಿನ ಹಾಲ್‌ನಲ್ಲಿ ಬಾಯ್ಲರು ಕೆಟ್ಟಿದೆ, ನೋಡಿಕೊಡು ಎಂದು ಕರೆದಿದ್ದರು. ಶನಿವಾರ ಊಟ ಮುಗಿಸಿ, ಸಲಕರಣೆ ಚೀಲ ಹಿಡಿದು ಹೋದ. ಅಲ್ಲಿ ನೋಡಿದರೆ ಉದ್ದನೆಯ ಮೇಜಿಗೆ ಹಸಿರು ಬಟ್ಟೆ ಹಾಸಿ, ಅದರಡಿ ಪುಸ್ತಕ ತುರುಕಿ ಗುಡ್ಡ ಮಾಡಿ, ಮೀಸೆ ಬಂದ ಗಂಡಸರು ಅಳತೆ ಟೇಪು ಹಿಡಿದು ಸೀಸದ ಸಿಪಾಯಿಗಳನ್ನು ಇಂಚಿಂಚಾಗಿ ಮುಂದೆ ತಳ್ಳುತ್ತಿದ್ದರಂತೆ.

ಮಾಂಸದಂಗಡಿಯ ಡೆಸ್ಮಂಡ್ ಇವನನ್ನು ನೋಡಿ, "ಕಂಬದ ಹಾಗೆ ನಿಂತ್ಕೊಂಡು ಏನೋ ನೋಡ್ತೀಯ? ನಮ್ಮ ಕಡೆ ಒಬ್ಬ ಕಮ್ಮಿ ಇದಾನೆ. ಬಾ, ದಾಳ ಹಾಕು" ಎಂದ.

"ನಂಗೆ ಆಟ ಬರಲ್ವಲ್ಲಪ್ಪ."

"ನಮ್ಮ ಜನರಲ್‌ಗೂ ಬರಲ್ಲ. ಅದಕ್ಕೇ ಸೋಲ್ತಾ ಇರೋದು."

ಕತ್ತಲಾದ ಮೇಲೆ ಮನೆಗೆ ಬಂದ. ಜೇಬಿನಲ್ಲಿ ಬಣ್ಣವಿಲ್ಲದ ಒಬ್ಬ ಸಿಪಾಯಿ. "ಬಾಯ್ಲರು ಸರಿಹೋಯ್ತಾ?" ಎಂದೆ.

"ಯಾವ ಬಾಯ್ಲರು?" ಎಂದ.

ಅಲ್ಲಿಂದ ಮುಂದೆ ಶನಿವಾರ ಅವನು ನನ್ನವನಲ್ಲ.

ಆ ಮೇಜಿಗೆ ಅದರದೇ ಮಡಿಯಿತ್ತು. ಬಣ್ಣ ಹಚ್ಚದ ಬರಿ ಸೀಸ ಅದರ ಮೇಲೆ ಕಾಲಿಡುವಂತಿಲ್ಲ. ಹಚ್ಚಿದರೂ ಮನಸ್ಸಿಗೆ ಬಂದ ಬಣ್ಣ ನಡೆಯದು, ಆಯಾ ದೇಶದ ದಂಡು ಆಯಾ ಕಾಲದಲ್ಲಿ ಏನು ತೊಟ್ಟಿತ್ತೋ ಅದೇ ಆಗಬೇಕು. ಅದನ್ನು ಕಾಯಲು ಲಯನಲ್ ಮೇಷ್ಟ್ರಿದ್ದರು. ಒಂದು ಗುಂಡಿ ಹಿತ್ತಾಳೆಯದೋ ತವರದ್ದೋ ಎಂದು ಕಪ್ಪಿನಲ್ಲಿದ್ದ ಚಹಾ ತಣ್ಣಗಾಗುವವರೆಗೆ ವಾದ ಮಾಡುವ ಮನುಷ್ಯ. ಇನ್ನೊಂದು ನಂಬಿಕೆಯೂ ಇತ್ತು: ಹೊಸದಾಗಿ ಬಣ್ಣ ಹಚ್ಚಿದ ಪಡೆ ಮೊದಲ ಕಾಳಗದಲ್ಲಿ ಓಡಿಹೋಗುತ್ತದೆ. ಹೊರೇಸ್ ಚಳಿಗಾಲವಿಡೀ ಕೂತು ಹಚ್ಚಿದ ಮೊದಲ ಕೆಂಪಂಗಿಯವರು ದಾಳ ಕೈಕೊಟ್ಟು ಹಾಗೇ ಬೆನ್ನು ತೋರಿಸಿ ಮೇಜಿನ ಅಂಚು ದಾಟಿದರು. "ಬಣ್ಣ ಇನ್ನೂ ಹಸಿ ಕಣೋ, ಓಡದೆ ಏನ್ ಮಾಡ್ತಾರೆ?" ಎಂದು ಡೆಸ್ಮಂಡ್ ಬೆನ್ನು ತಟ್ಟಿದನಂತೆ.

ಕಾರ್ಖಾನೆ ಮುಚ್ಚಿತು, ತಲೆ ನರೆಯಿತು, ಶನಿವಾರ ಮಾತ್ರ ತಪ್ಪಲಿಲ್ಲ. ಆಮೇಲಾಮೇಲೆ ನನ್ನ ಹೊಲಿಗೆಯ ದೀಪವನ್ನು ಹತ್ತಿರ ಎಳೆದುಕೊಳ್ಳತೊಡಗಿದ. ಈಗಿನ ಬಲ್ಬುಗಳಲ್ಲಿ ಬೆಳಕೇ ಇಲ್ಲ ಎಂದು ಬೈಯುತ್ತಿದ್ದ. ಆ ಚಳಿಗಾಲ ಹಳೇ ಜರ್ಮನಿಯ ಪ್ರಷ್ಯ ರಾಜ್ಯದವರ ಒಂದು ಪಡೆಗೆ ಕೈಹಾಕಿದ್ದ. ಅವರ ಅಂಗಿ ಕಡುನೀಲಿ. ಬಣ್ಣ ಯಾಕೋ ಹಸಿರು ಹೊಡೆಯುತ್ತಿದೆಯೆಂದು ಕೆಂಪನ್ನು ಇನ್ನಷ್ಟು, ಮತ್ತಷ್ಟು ಬೆರೆಸಿದ. ಮುಗಿದಾಗ ಸಿಪಾಯಿಗಳು ಬಲು ಚಂದ ಕಂಡರು. ಪ್ರಷ್ಯದವರು ಏನು ತೊಡುತ್ತಿದ್ದರೋ ನನಗೆ ಆಗೇನು ಗೊತ್ತು?

ಆ ಪಡೆ ಮೊದಲ ಕಾಳಗದಲ್ಲಿ ಓಡಲಿಲ್ಲ. ಮೇಜಿನ ಮೂಲೆಯ ರಟ್ಟಿನ ಚರ್ಚನ್ನು ಕಚ್ಚಿ ಹಿಡಿದು ನಿಂತಿತು. ಆಮೇಲೂ ಯಾವತ್ತೂ ಓಡಲಿಲ್ಲ. "ಅದಕ್ಕೆ ಬಿಷಪ್ಪರ ಪಡೆ ಅಂತ ಹೆಸರಿಟ್ಟಿದಾರೆ ಮೇವಿಸ್, ಚರ್ಚು ಕಾಯ್ತಲ್ಲ!" ಎಂದು ಎದೆಯುಬ್ಬಿಸಿ ಬಂದ.

ಒಂದು ದಿನ ಕುಂಚ ಸಿಪಾಯಿಯ ಮುಖ ಬಿಟ್ಟು ಇವನ ಬೆರಳಿಗೆ ಬಡಿಯಿತು. ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಂದಾದ ಮೇಲೊಂದು ತೆಗೆಯಬೇಕು ಎಂದರು. ಹೊರೇಸ್ ಹಿಂದಿನ ಕೋಣೆಗೆ ಕಾಲಿಡುವುದನ್ನೇ ಬಿಟ್ಟ. ಕೊನೆಗೊಂದು ಸಂಜೆ, "ಕಣ್ಣು ಬರ್ದೇ ಹೋದ್ರೆ ನಾನ್ ಅಲ್ಲಿಗೆ ಹೋಗಿ ಏನ್ ಮಾಡ್ಲಿ? ಟೀ ಕುಡಿದು ಬರ್ಲಾ?" ಎಂದ. ನಾನು ಅವನ ಕುಂಚಗಳನ್ನು ತೊಳೆದಿಟ್ಟೆ. ಮತ್ತೆ ಮುಟ್ಟುತ್ತಾನೋ ಇಲ್ಲವೋ ತಿಳಿಯದೆ ತೊಳೆಯುವುದು ಕಷ್ಟದ ಕೆಲಸ.

ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವನೇ ಕೋಟು ತೆಗೆಯದೆ ಪ್ರಷ್ಯದವರಿದ್ದ ಕಪಾಟಿನ ಮುಂದೆ ನಿಂತ. ಹಳೇ ಕಣ್ಣು ಮುಚ್ಚಿ ನೋಡಿದ, ಹೊಸ ಕಣ್ಣು ಮುಚ್ಚಿ ನೋಡಿದ.

"ಮೇವಿಸ್, ಇವ್ರು ಯಾವ ಬಣ್ಣ?"

"ನೇರಳೆ."

"ಯಾವಾಗಿಂದ?"

"ನೀನು ಹಚ್ಚಿದಾಗಿಂದ."

ನೇರಳೆ ತೊಡುವುದು ಬಿಷಪ್ಪರು. ಆ ಹೆಸರು ಯಾಕೆ ಬಂತೆಂದು ಅವನಿಗೆ ಆಗ ತಿಳಿಯಿತು. "ಇಷ್ಟು ದಿನ ನನ್ನ ಬೆನ್ನ ಹಿಂದೆ ನಕ್ಕಿದಾರೆ. ಇನ್ನು ಆ ಹಾಲ್‌ನ ಮೆಟ್ಟಿಲು ತುಳಿಯಲ್ಲ" ಎಂದು ಬಣ್ಣ ಕರಗಿಸುವ ಟರ್ಪೆಂಟೈನ್ ಡಬ್ಬವನ್ನೂ ಬಕೆಟ್ಟನ್ನೂ ಎಳೆದುಕೊಂಡ. ಕಣ್ಣು ಬಂತು, ಆಟ ಹೋಯಿತು ಎಂದುಕೊಂಡು ನಾನು ಡೆಸ್ಮಂಡನಿಗೆ ಫೋನು ಮಾಡಿದೆ.

ಅವನು ಹಂದಿಮಾಂಸ ತುಂಬಿ ಬೇಯಿಸಿದ ಪೈ ಹಿಡಿದು ಬಂದ. ಹಿಂದೆ ಲಯನಲ್ ಮೇಷ್ಟ್ರು, ಟೋಪಿ ಕೈಯಲ್ಲಿ.

ಹೊರೇಸ್ ಮೇಷ್ಟ್ರ ಮೇಲೇ ಹರಿಹಾಯ್ದ. "ಒಂದು ಗುಂಡಿಗೆ ಊರು ಸುಡೋರು ನೀವು. ಇಷ್ಟು ಜನ ನೇರಳೆ ಅಂಗಿ ಹಾಕ್ಕೊಂಡು ಎದುರಿಗೆ ನಿಂತ್ರೆ ಕಾಣ್ಲಿಲ್ವಾ?"

"ಮೊದಲ ದಿನವೇ ಕಾಣಿಸ್ತು" ಎಂದರು ಮೇಷ್ಟ್ರು. "ಬಾಯಿವರೆಗೂ ಬಂತು. ಈ ಕಟುಕ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಉಗುರು ಕಪ್ಪಾಗಿತ್ತು."

"ಹೇಳಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ. ನಿಲ್ಲಿಸ್ತಿದ್ಯೋ ಇಲ್ವೋ, ಹೇಳು" ಎಂದ ಡೆಸ್ಮಂಡ್.

ಹೊರೇಸ್ ಬಕೆಟ್ಟನ್ನು ಇನ್ನೂ ಹತ್ತಿರ ಎಳೆದುಕೊಂಡ. "ಈಗ ಕಾಣುತ್ತಲ್ಲ. ಎಲ್ಲಾನೂ ಕೆರೆದು ಹೊಸದಾಗಿ ಹಚ್ತೀನಿ" ಎಂದು ಗೊಣಗಿದ.

ಡೆಸ್ಮಂಡ್ ಗಾಬರಿಯಿಂದ ಬಕೆಟ್ಟನ್ನು ಕಾಲಲ್ಲೇ ಆಚೆ ತಳ್ಳಿದ. "ಬುದ್ಧಿ ನೆಟ್ಟಗಿದೆಯೇನೋ? ಕೆರೆದ್ರೆ ಹೊಸ ಬಣ್ಣ ಆಗುತ್ತೆ. ಹೊಸ ಬಣ್ಣ ಓಡುತ್ತೆ! ಶನಿವಾರದ ಆಟದಲ್ಲಿ ಸೇತುವೆ ಕಾಯೋದು ನಮ್ಮ ಪಾಲಿಗೆ ಬಂದಿದೆ. ಓಡದೆ ಇರೋರು ಅಂತ ನಮ್ಮ ಕಡೆ ಇರೋದೇ ಇವ್ರು."

ಮೇಷ್ಟ್ರು ಒಬ್ಬ ಸಿಪಾಯಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, "ಅಂಗಿ ಪೂರ್ತಿ ತಪ್ಪು. ಆದ್ರೆ ಗುಂಡಿ ಸರಿ ಇದೆ" ಎಂದು ತೀರ್ಪು ಕೊಟ್ಟರು.

ಹೊರೇಸನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಕಣ್ಣು ಉಜ್ಜಬೇಡ ಕಣೋ, ಡಾಕ್ಟ್ರು ಹೇಳಿದಾರೆ!" ಎಂದು ನಾನು ಅವನ ಕೈ ಹಿಡಿದುಕೊಂಡೆ. ಪೈ ಕೊಯ್ದು ಎಲ್ಲರಿಗೂ ಕೊಟ್ಟೆ. ತೊಳೆದಿಟ್ಟಿದ್ದ ಕುಂಚಗಳನ್ನು ಮತ್ತೆ ಕಿಟಕಿಯ ಬಳಿ ಇಟ್ಟೆ.

ಆಮೇಲೆ ಎರಡನೆಯ ಕಣ್ಣೂ ಸರಿಯಾಯಿತು. ಕೊನೆಯವರೆಗೂ ಅವನು ಹಚ್ಚಿದ ನೀಲಿಯೆಲ್ಲ ಮೇಷ್ಟ್ರು ಮೆಚ್ಚುವ ನೀಲಿಯೇ. ಆ ಪಡೆಗಳೆಲ್ಲ ಮೊದಲ ದಿನವೇ ಓಡಿಹೋದವು.