ಕಾರು ನಿಲ್ಲಿಸಲು ಒಂದು ಜಾಗ

ಹೋದ ಜೂನ್‌ನಲ್ಲಿ ಬಂಗಾರಪೇಟೆ ರಸ್ತೆಯಲ್ಲಿ ಒಂದು ಎಮ್ಮೆ ನನ್ನ ಸ್ಕೂಟರಿಗೆ ಅಡ್ಡ ಬಂತು. ನಾನು ಬಿದ್ದೆ. ಎಮ್ಮೆ ಬೀಳಲಿಲ್ಲ. ಒಂದು ಸಲ ತಿರುಗಿ ನೋಡಿ, ಮತ್ತೆ ರಸ್ತೆ ಬದಿಯ ಹುಲ್ಲಿಗೆ ಬಾಯಿ ಹಾಕಿತು.

ನನ್ನ ಬಲಗೈ ಮಣಿಕಟ್ಟು ಮುರಿದಿತ್ತು. (ಟೀಚರಿಗೆ ಬಲಗೈ ಮುರಿದರೆ ಮಕ್ಕಳಿಗೆ ಎಷ್ಟು ಖುಷಿಯಾಗುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ‘ಹೋಮ್‌ವರ್ಕ್ ಕರೆಕ್ಷನ್ ಇರಲ್ವಾ ಮಿಸ್?’ ಎಂದು ಒಬ್ಬಳು ಕೇಳಿದಳು, ಕಣ್ಣಲ್ಲಿ ಆಸೆ ತುಂಬಿಕೊಂಡು.) ಪ್ಲಾಸ್ಟರ್ ಹಾಕಿದ ಡಾಕ್ಟರು ಇನ್ನು ಸ್ಕೂಟರ್ ಬೇಡ ಎಂದರು. ನನ್ನ ಗಂಡ ಮಂಜುನಾಥ್ ‘ಹಾಗಾದ್ರೆ ಕಾರೇ ತಗೊಳ್ಳೋಣ’ ಎಂದರು. ಆಂಡರ್ಸನ್‌ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವರು ಇಷ್ಟು ಧೈರ್ಯವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬಸ್ಸಿಲ್ಲವೇ, ರೈಲಿಲ್ಲವೇ ಎಂದು ನೀವು ಕೇಳುತ್ತೀರಿ. ನಮ್ಮ ಕೆಜಿಎಫ್‌ನಿಂದ ಬಂಗಾರಪೇಟೆಯವರೆಗೆ ಎರಡೂ ಇವೆ. ನಮ್ಮ ಶಾಲೆ ಇರುವುದು ಅಲ್ಲಿಂದಾಚೆ, ಬಸ್ಸು ನಿಂತರೆ ಜನ ಬೆರಗಾಗುವಂಥ ಊರಿನಲ್ಲಿ.

ಸರಿ, ಕಾರು ಕೊಳ್ಳುವುದು ಅಂತಾಯಿತು. ಯಾವಾಗ? ಅಲ್ಲಿಂದ ಶುರುವಾಯಿತು ನೋಡಿ ರಾಮಾಯಣ.

ಶೋರೂಮಿನವರು ದಿನಾ ಫೋನ್ ಮಾಡಿ ‘ಆಷಾಢದ ಆಫರ್ ಮೇಡಂ, ಶ್ರಾವಣಕ್ಕೆ ಈ ರೇಟ್ ಇರಲ್ಲ’ ಎಂದರು. ಊರಿನಲ್ಲಿ ಮೈದುನನ ಜೊತೆ ಹಸು ಸಾಕಿಕೊಂಡಿರುವ ನನ್ನ ಅತ್ತೆಯೂ ಫೋನ್ ಮಾಡಿದರು. ‘ಆಷಾಡದಾಗೆ ಯಾರಾನ ಹೊಸ ಗಾಡಿ ಮನೀಗ್ ತತ್ತಾರೇನಮ್ಮ? ಕೈ ಮುರ್ಕಂಡಿದ್ದು ಸಾಲ್ದಾ? ಶ್ರಾವಣ ಉಟ್ಲಿ, ಆಮ್ಯಾಕೆ ನೋಡಾನ.’

ಸ್ಟಾಫ್‌ರೂಮಿನಲ್ಲಿ ಇನ್ನೊಂದು ಪಂಚಾಯಿತಿ. ಡಿಸೆಂಬರ್‌ನಲ್ಲಿ ಕೊಳ್ಳಿ, ಸ್ಟಾಕ್ ಖಾಲಿ ಮಾಡಲು ಕಡಿಮೆಗೆ ಕೊಡುತ್ತಾರೆ ಎಂದರು ಒಬ್ಬರು. ಜನವರಿಯಲ್ಲಿ ಕೊಳ್ಳಿ, ಮಾರುವಾಗ ಒಂದು ವರ್ಷ ಹೊಸದಾಗಿ ಕಾಣುತ್ತದೆ ಎಂದರು ಇನ್ನೊಬ್ಬರು. ಇಬ್ಬರ ಮಾತನ್ನೂ ಕೇಳಿದ್ದರೆ ನಾನು ರಿಟೈರಾದ ಮೇಲೆ ಕಾರು ಕೊಳ್ಳಬೇಕಿತ್ತು.

ದುಡ್ಡಿನ ಮಾತಿಗೆ ಬರೋಣ. ಮಂಜುನಾಥ್ ಒಂದು ಚೀಟಿ ಕಟ್ಟುತ್ತಿದ್ದರು. ಈಗಲೇ ಕೂಗಿ ಎತ್ತಿದರೆ ಭಾರೀ ಲಾಸ್. ಬಿಟ್ಟರೆ ಕಾರು ಇನ್ನೂ ದೂರ. ಒಡವೆ ಇಡೋಣವೆಂದರೆ ನನ್ನ ಬಳಿ ಇರುವುದು ತಾಳಿ ಮತ್ತು ಒಂದು ಜೊತೆ ಓಲೆ. (ಕೆಜಿಎಫ್‌ನವರ ಹತ್ತಿರ ಚಿನ್ನ ಇರುತ್ತದೆ ಅಂದುಕೊಳ್ಳುವವರು ಕೆಜಿಎಫ್ ನೋಡಿಲ್ಲ.) ಅತ್ತೆ ಬ್ಯಾಂಕ್ ಲೋನ್ ಅನ್ನುವ ಮಾತನ್ನೇ ಕೇಳಿಸಿಕೊಳ್ಳಲು ತಯಾರಿರಲಿಲ್ಲ. ‘ಸಾಲ ಮಾಡಿ ಗಾಡಿ ತಂದ್ರೆ ಅದ್ರ ಮ್ಯಾಲೆ ನಾವ್ ಓಗಲ್ಲ ಕಣಮ್ಮ, ನಮ್ ಮ್ಯಾಲೆ ಅದು ಓಯ್ತದೆ.’

ಕೊನೆಗೆ ಚೀಟಿ ಎತ್ತಿ ಡೌನ್ ಪೇಮೆಂಟ್ ಕಟ್ಟುವುದು, ಮಿಕ್ಕಿದ್ದಕ್ಕೆ ಬ್ಯಾಂಕ್ ಲೋನ್ ಅಂತ ತೀರ್ಮಾನವಾಯಿತು. ಶ್ರಾವಣದ ಒಂದು ಶುಕ್ರವಾರ ಡೆಲಿವರಿ. ಬ್ಯಾಂಕಿನ ಮೇಡಂ ನನ್ನ ಸಂಬಳ ಕೇಳಿದರು, ಗಂಡನ ಆದಾಯ ಕೇಳಿದರು, ಹಳೆಯ ಸಾಲ ಕೇಳಿದರು, ಜಾಮೀನು ಯಾರು ಕೇಳಿದರು. ಒಂದನ್ನು ಮಾತ್ರ ಕೇಳಲಿಲ್ಲ. ಕಾರನ್ನು ಎಲ್ಲಿ ನಿಲ್ಲಿಸುತ್ತೀರಿ?

ನಾವೂ ಕೇಳಿಕೊಂಡಿರಲಿಲ್ಲ.

ನಾವಿರುವುದು ನಂದಿದುರ್ಗದ ಲೈನ್ ಮನೆಯಲ್ಲಿ. (ಬೆಟ್ಟದ ನಂದಿದುರ್ಗವಲ್ಲ, ಕೆಜಿಎಫ್ ಗಣಿಯ ನಂದಿದುರ್ಗ.) ಮಾವನವರು ಮೈನ್ಸ್‌ನಲ್ಲಿ ಕೆಲಸಕ್ಕಿದ್ದಾಗ ಸಿಕ್ಕ ಮನೆ. ಎದುರುಬದುರು ಎರಡು ಸಾಲು, ನಡುವೆ ಒಂದು ಗಲ್ಲಿ. ಆಟೋ ಬಂದರೆ ನಡೆಯುವವರು ಗೋಡೆಗೆ ಅಂಟಿಕೊಳ್ಳಬೇಕು. ಈ ಮನೆಗಳನ್ನು ಕಟ್ಟಿಸಿದ ದೊರೆಗಳು ಇಲ್ಲಿ ಯಾರೋ ಒಂದು ದಿನ ಕಾರು ಕೊಳ್ಳುತ್ತಾರೆ ಎಂದು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಗಲ್ಲಿಯ ಒಂದು ತುದಿಯಲ್ಲಿ ನೀರಿನ ಟ್ಯಾಂಕರ್ ನಿಲ್ಲುತ್ತದೆ. ಮೇನ್ ರೋಡಿನಲ್ಲಿ ರಾತ್ರಿಯೆಲ್ಲ ಲಾರಿಗಳು. ಉಳಿದದ್ದು ಪಶ್ಚಿಮದ ತುದಿ, ಆರ್ಮುಗಂ ತಾತನ ಮನೆ ಮುಂದಿನ ಜಾಗ.

ಆರ್ಮುಗಂ ತಾತ ಮೈನ್ಸ್ ಮುಚ್ಚುವವರೆಗೂ ಅಂಡರ್‌ಗ್ರೌಂಡ್‌ನಲ್ಲಿ ಕಲ್ಲು ಕೊರೆಯುತ್ತಿದ್ದವರು. ಆ ಕಲ್ಲಿನ ಧೂಳು ಅವರ ಎದೆಯಲ್ಲೇ ಉಳಿದಿದೆ. ಬೆಳಗ್ಗೆಯೆಲ್ಲ ಕೆಮ್ಮುವುದರಲ್ಲೇ ಕಳೆಯುತ್ತದೆ. ಸಂಜೆ ಸ್ವಲ್ಪ ಉಸಿರು ಸಡಿಲವಾದಾಗ ಮಗಳು ಸೆಲ್ವಿ ಕೈ ಹಿಡಿದು ಹೊರಗೆ ತಂದು ಒಂದು ಚಪ್ಪಡಿ ಕಲ್ಲಿನ ಮೇಲೆ ಕೂರಿಸುತ್ತಿದ್ದಳು. ಎರಡೂ ಕೈ ಮೊಣಕಾಲಿನ ಮೇಲೆ ಊರಿ, ಮುಂದಕ್ಕೆ ಬಾಗಿ, ಹೊತ್ತು ಮುಳುಗುವವರೆಗೂ ಬಿಸಿಲಿಗೆ ಮುಖ ಕೊಟ್ಟು ಕೂರುತ್ತಿದ್ದರು. ಒಮ್ಮೆ ನನಗೆ ಹೇಳಿದ್ದರು: ‘ಕೆಲ್ಸದಾಗ ಇದ್ದಾಗ ಸೂರ್ಯನ್ನ ಬಾನುವಾರ ಮಾತ್ರ ನೋಡ್ತಿದ್ದೆ ಟೀಚರಮ್ಮ. ಈಗ ದಿನಾ ಬಾನುವಾರ.’

ನಮ್ಮ ಲೈನ್‌ನಲ್ಲಿ ಒಂದು ಪದ್ಧತಿಯಿದೆ. ಮನೆ ಮುಂದಿನ ಮಣ್ಣು ಆ ಮನೆಯದು. ಅದಕ್ಕೆ ಪತ್ರವಿಲ್ಲ, ಕಾಂಪೌಂಡಿಲ್ಲ. ಆದರೂ ಒಬ್ಬರ ಮಣ್ಣಿನಲ್ಲಿ ಇನ್ನೊಬ್ಬರು ಒಂದು ಮೊರ ಮೆಣಸಿನಕಾಯಿ ಒಣಗಿಸುವುದಿಲ್ಲ. ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಇಲ್ಲ ಎನ್ನುವುದಿಲ್ಲವೆಂದೇ ಯಾರೂ ಕೇಳುವುದಿಲ್ಲ.

ನಾವೂ ಕೇಳಲಿಲ್ಲ. ಆದರೆ ಮಂಜುನಾಥ್ ಒಂದು ಭಾನುವಾರ ಟೇಪ್ ಹಿಡಿದು ಗಲ್ಲಿಯನ್ನು ಅಳೆದರು. ಟ್ಯಾಂಕರ್ ಕಡೆ ಅಳೆದರು, ನಮ್ಮ ಬಾಗಿಲ ಮುಂದೆ ಅಳೆದರು, ಆ ತುದಿಗೂ ಹೋಗಿ ಅಳೆದರು. ನಾನು ಟೇಪಿನ ಇನ್ನೊಂದು ಕೊನೆ ಹಿಡಿದುಕೊಂಡಿದ್ದೆ. ಇಷ್ಟು ವರ್ಷ ಲೈನ್‌ನಲ್ಲಿ ಬದುಕಿದ ನಮಗೆ ಅಷ್ಟೂ ಗೊತ್ತಾಗಬಾರದೇ? ಇಲ್ಲಿ ಟೇಪ್ ಹಿಡಿದು ಅಳೆಯುವುದೂ ಒಂದೇ, ಬಾಯಿಬಿಟ್ಟು ಕೇಳುವುದೂ ಒಂದೇ.

ಮರುದಿನ ನೋಡಿದರೆ ಚಪ್ಪಡಿ ಇಲ್ಲ. ತಾತ ಅಕ್ಕಪಕ್ಕದವರನ್ನು ಕರೆದು, ಹಾರೆ ಹಾಕಿಸಿ ಎಬ್ಬಿಸಿ, ಚರಂಡಿಯ ಮೇಲೆ ಹಾಸಿಸಿಬಿಟ್ಟಿದ್ದರು. ನಾನು ಗಾಬರಿಯಾಗಿ ಓಡಿದೆ. ಬಾಗಿಲಲ್ಲಿ ಕೂತು ಏದುಸಿರು ಬಿಡುತ್ತಿದ್ದ ಅವರು ನಗುತ್ತಲೇ ಹೇಳಿದರು: ‘ಗಾಡಿ ತಿರುಗ್ಬೇಕಲ್ಲಮ್ಮ, ಕಲ್ಲು ಅಡ್ಡ ಬತ್ತದೆ. ನೀ ಕವಲೆ ಪಡಬೇಡ, ಚಿಂತೆ ಬಿಡು.’

‘ನೀವೆಲ್ಲಿ ಕೂರ್ತೀರ ತಾತ?’

‘ನಂಗೇನಮ್ಮ, ಎಲ್ಲಾದ್ರೂ ಆಯ್ತದೆ. ಮಳೆ ಬೇರೆ.’

ಮಂಜುನಾಥ್ ತಿಂಗಳಿಗೆ ಇಷ್ಟು ಬಾಡಿಗೆ ಅಂತ ಕೊಡಲು ಹೋದರು. ಆಗ ಮಾತ್ರ ತಾತನ ಮುಖ ಕಪ್ಪಿಟ್ಟಿತು. ‘ಕಾಸಾ? ಕೆಳಗಿಂದ ಅಷ್ಟು ಬಂಗಾರ ತೆಗ್ದು ಕೊಟ್ವಿ, ನಮ್ದು ಅಂತ ಒಂದಿನ ಕೇಳ್ಲಿಲ್ಲ. ಮೇಲಿನ ಮಣ್ಣಿಗೆ ಕಾಸ್ ಇಸ್ಕೊಳ್ಳೋದಾ?’ ಎಂದರು. ನಾವು ದುಡ್ಡನ್ನು ಮಡಚಿ ಜೇಬಿಗೆ ಹಾಕಿಕೊಂಡು ವಾಪಸ್ ಬಂದೆವು.

ಕಾರು ಬಂತು. ಇಡೀ ಲೈನ್ ಹೊರಗೆ ಬಂದಿತ್ತು. ಚಕ್ರಗಳ ಕೆಳಗೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಎಲ್ಲರಿಗೂ ಕೇಸರಿಭಾತ್. ಅತ್ತೆ ಊರಿಂದ ಬಂದು ಆರತಿ ಎತ್ತಿದರು. ತಾತ ಬಾಗಿಲಲ್ಲೇ ಕೂತು, ರಿವರ್ಸ್ ತೆಗೆಯುತ್ತಿದ್ದ ನನಗೆ ‘ವಾ, ವಾ, ಇನ್ನೂ ವಾ’ ಎಂದು ತಮಿಳಿನಲ್ಲೇ ಕರೆಯುತ್ತ ಕೈಬೀಸಿದರು. ನಾನು ಹೋದೆ. ಅವರ ಬಾಗಿಲಿಗೆ ಒಂದೇ ಮೊಳ ಉಳಿಯುವವರೆಗೂ ಹೋದೆ.

ಮಳೆಗಾಲದಲ್ಲಿ ಏನೂ ಅನ್ನಿಸಲಿಲ್ಲ. ಬಿಸಿಲೇ ಇರಲಿಲ್ಲ, ಯಾರೂ ಹೊರಗೆ ಕೂರುತ್ತಿರಲಿಲ್ಲ. ದೀಪಾವಳಿ ಕಳೆಯಿತು, ಚಳಿ ಶುರುವಾಯಿತು. ಶಾಲೆ ಬಿಟ್ಟು ನಾನು ಕಾರು ತಂದು ನಿಲ್ಲಿಸುವ ಹೊತ್ತೂ ತಾತ ಹೊರಗೆ ಬರುತ್ತಿದ್ದ ಹೊತ್ತೂ ಒಂದೇ. ಈಗ ಸಂಜೆಯ ಬಿಸಿಲು ಬಂದು ಬೀಳುವುದು ನನ್ನ ಕಾರಿನ ಮೇಲೆ. ಸೆಲ್ವಿ ಒಂದು ದಿನ ಗಲ್ಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿ ನೋಡಿದಳು. ಅಲ್ಲಿ ಮಾಡಿನ ನೆರಳು. ಯಾರೋ ಬೈಕಿನವನು ಹಾರ್ನ್ ಹೊಡೆದು, ಧೂಳೆಬ್ಬಿಸಿ ಹೋದ. ತಾತ ಕೆಮ್ಮುತ್ತ ಒಳಗೆ ಹೋದರು.

ಮಾರನೆಯ ದಿನದಿಂದ ನಾನು ಕಾರನ್ನು ಮೇನ್ ರೋಡಿನಲ್ಲೇ ನಿಲ್ಲಿಸಿ, ಕತ್ತಲಾದ ಮೇಲೆ ಒಳಗೆ ತರಲು ಶುರುಮಾಡಿದೆ. ನಾನೇನೋ ದೊಡ್ಡ ಉಪಾಯ ಮಾಡಿದೆ ಎಂದು ಒಳಗೊಳಗೇ ಸಮಾಧಾನ. ಆದರೆ ತಾತ ಬರಲಿಲ್ಲ. ಖಾಲಿ ಜಾಗದಲ್ಲಿ ಬಿಸಿಲು ಬಿದ್ದಿರುತ್ತಿತ್ತು, ಅವರ ಬಾಗಿಲು ಹಾಕಿರುತ್ತಿತ್ತು.

ವಾರ ಕಳೆಯುವುದರೊಳಗೆ ಸೆಲ್ವಿ ನಮ್ಮ ಮನೆಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

‘ಅಕ್ಕ, ಗಾಡೀನ ಅಲ್ಲೇ ತಂದು ನಿಲ್ಸಿ. ಅಪ್ಪಾಗೆ ಬೇಜಾರಾಗಿದೆ.’

‘ಅವರು ಕೂತ್ಕೊಳ್ಳಲಿ ಅಂತಲೇ ಅಲ್ವೇನೇ...’

‘ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೊಡ್ತಾರಾ ಅಂತಾರೆ ಅಕ್ಕ. ನಾನ್ ಕೊಟ್ಟ ಜಾಗ ಟೀಚರಮ್ಮಂಗೆ ಸಾಲ್ದಾ ಅಂತ ಕೇಳ್ತಾರೆ.’

ಕಾರನ್ನು ಮತ್ತೆ ಅಲ್ಲೇ ನಿಲ್ಲಿಸುತ್ತಿದ್ದೇನೆ. ನಿಲ್ಲಿಸುವ ಸದ್ದು ಕೇಳಿ ಒಳಗಿಂದ ‘ಬಂದ್ಯಾ ಟೀಚರಮ್ಮ?’ ಎನ್ನುತ್ತಾರೆ. ಬಂದೆ ತಾತ ಎನ್ನುತ್ತೇನೆ. ಆಮೇಲೆ ಕೆಮ್ಮು. ಹೋದ ವಾರ ಅವರ ಮನೆಗೆ ಆಕ್ಸಿಜನ್ ಸಿಲಿಂಡರ್ ಬಂತು. ಅದನ್ನು ತಂದ ಆಟೋ ಒಳಗೆ ಹೋಗಲು ನನ್ನ ಕಾರನ್ನು ಹಿಂದೆ ಮುಂದೆ ಮಾಡಬೇಕಾಯಿತು. ಆಗಲೂ ಒಬ್ಬರಾದರೂ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ನನಗೆ ನಾಚಿಕೆಯಾಗುತ್ತದೆ. ಕಾರು ಮಾರುವಷ್ಟೇನೂ ಆಗುವುದಿಲ್ಲ, ಅದೇ ನಾಚಿಕೆ. ಕೈ ಮುರಿದದ್ದು ನಿಜ, ಆ ರಸ್ತೆಯೂ ನಿಜ, ಕಾರು ಬೇಕಿದ್ದದ್ದೂ ನಿಜ. ಯಾವ ತಿಂಗಳು ಕೊಳ್ಳಬೇಕು, ಚೀಟಿಯೋ ಲೋನೋ, ಎಲ್ಲವನ್ನೂ ಕೂಡಿ ಕಳೆದು ನೋಡಿದ್ದೆವು. ಒಬ್ಬ ಮುದುಕ ಎಲ್ಲಿ ಕೂರುತ್ತಾನೆ ಅನ್ನುವುದು ಯಾವ ಲೆಕ್ಕದಲ್ಲೂ ಬರಲಿಲ್ಲ.

ಸಾಲ ತೀರಿಸಲು ಬ್ಯಾಂಕಿನವರು ನನಗೆ ಏಳು ವರ್ಷ ಟೈಮ್ ಕೊಟ್ಟಿದ್ದಾರೆ. ತಾತನಿಗೆ ಎಷ್ಟು ಟೈಮ್ ಉಳಿದಿದೆ ಎಂದು ಯಾರನ್ನು ಕೇಳಲಿ?