ಯಾರೂ ಉತ್ತರ ಕೊಡದ ಪ್ರಾರ್ಥನೆ

ರೋಶನ್, ಶರ್ಲಿ, ಹೋದ ಆದಿತ್ಯವಾರ ನೀವು ಗುರುವಾಯನಕೆರೆಯಿಂದ ಬಸ್ಸಿನಲ್ಲಿ ಬಂದು ಮನೆಯೊಳಗೆ ಕಾಲಿಟ್ಟಾಗ ನಿಮ್ಮ ಬಟ್ಟೆಯಲ್ಲಿ ಪಟಾಕಿಯ ವಾಸನೆ ಇತ್ತು. ನಮ್ಮ ವಿಮಾನಗಳು ಗಡಿಯಾಚೆ ಬಾಂಬು ಹಾಕಿದವೆಂದು ಪೇಟೆಯಲ್ಲಿ ಪಟಾಕಿ ಹೊಡೆದರಂತೆ, ನೀವೂ ನಿಂತು ನೋಡಿದಿರಂತೆ. ಊಟಕ್ಕೆ ಕೂತಾಗ ರೋಶನ್ ಮೊಬೈಲಿನಲ್ಲಿ ಒಂದು ಕಟ್ಟಡ ಕುಸಿಯುವುದನ್ನು ತೋರಿಸಿ, "ಅಜ್ಜಿ, ಹೇಗೆ ಬಿತ್ತು ನೋಡಿ, ಇಸ್ಪೀಟು ಎಲೆಯ ಹಾಗೆ" ಎಂದು ನಕ್ಕ.

ನಾನು ಮೀನುಸಾರು ಬಡಿಸಿದೆ. ಸಿಟ್ಟು ಬಂದರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ಚಿಕ್ಕಂದಿನಿಂದಲೂ ಹಾಗೆಯೇ. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ಕೈಗಾದರೂ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಪಟಾಕಿಯ ವಾಸನೆಗೆ ನನಗೆ ನಮ್ಮ ವಾರ್ಡಿನ ಹಳೆಯ ಗುರ್ಕಾರರು ನೆನಪಾದರು. ನೀವು ಚರ್ಚು ಎನ್ನುವ ನಮ್ಮ ಇಗರ್ಜಿಯ ಪ್ರತಿ ವಾರ್ಡಿಗೂ ಮನೆಗಳ ಕಷ್ಟಸುಖ ನೋಡಿಕೊಳ್ಳುವ ಒಬ್ಬ ಗುರ್ಕಾರ ಇರುವುದು ನಿಮಗೆ ಗೊತ್ತು. ಈಗಿನವರು ವಾಟ್ಸಾಪಿನಲ್ಲಿ ಸುದ್ದಿ ಹಾಕಿ ಸುಮ್ಮನಾಗುತ್ತಾರೆ. ಆ ಹಳೆಯ ಗುರ್ಕಾರರು ಮನೆಮನೆಗೆ ನಡೆದೇ ಬರುತ್ತಿದ್ದರು. ಕೆಂಪುಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ. ಲುಂಗಿಯ ಅಂಚಿನಲ್ಲಿ ಯಾವಾಗಲೂ ಕೆಂಪು ಧೂಳು. ಅಂಗಳದಲ್ಲಿ ಕೆಮ್ಮಿದರೆ ಸಾಕು, ಯಾರೆಂದು ನಾಯಿಗೂ ಗೊತ್ತಾಗುತ್ತಿತ್ತು... ಅವರ ಒಬ್ಬನೇ ಮಗ ಸೈನ್ಯದಲ್ಲಿದ್ದ.

ನಿಮ್ಮ ಪಪ್ಪ ಹೈಸ್ಕೂಲಿಗೆ ಹೋಗುತ್ತಿದ್ದಾಗಲೂ ಗಡಿಯಲ್ಲಿ ಯುದ್ಧ ನಡೆಯುತ್ತಿತ್ತು. ಆ ಮಗ ಅಲ್ಲೇ ಇದ್ದ. ಅದೇ ತಿಂಗಳು ಆದಿತ್ಯವಾರದ ಪೂಜೆ ನಡೆಸಿಕೊಡುವ ಸರದಿ ನಮ್ಮ ವಾರ್ಡಿಗೆ ಬಂತು. ಪ್ರವಚನ ಮುಗಿದ ಮೇಲೆ ಜನರ ಪರವಾಗಿ ಒಬ್ಬರು ಮೈಕಿನ ಮುಂದೆ ನಿಂತು ಐದು ಕೋರಿಕೆಗಳನ್ನು ಓದಬೇಕು. ಒಂದೊಂದರ ಕೊನೆಗೂ ಓದಿದವರೇ ಮೊದಲು ಹೇಳಿ ಉತ್ತರ ಎತ್ತಿಕೊಡಬೇಕು. ಆಗ ಇಗರ್ಜಿ ಇಡೀ "ದೇವರೇ, ನಮ್ಮ ಮೊರೆ ಕೇಳು" ಎನ್ನುತ್ತದೆ. ಓದುವ ಪಾಲು ಆ ಸಲ ನಮ್ಮ ಮನೆಗೆ ಬಂದಿತ್ತು.

ಶನಿವಾರ ಸಂಜೆ ಗುರ್ಕಾರರು ಕೋರಿಕೆಗಳನ್ನು ಬರೆದ ಹಾಳೆ ಹಿಡಿದು ಬಂದರು. ನನಗೆ ಆಗುವುದಿಲ್ಲ, ಮೈಕೆಂದರೆ ಹೆದರಿಕೆ ಎಂದೆ.

"ಮೈಕಿಗೆ ಹೆದರುವುದು ಎಂತಕ್ಕೆ ಬಾಯೆ? ಅದು ಕಚ್ಚುವುದಿಲ್ಲ. ಕಚ್ಚುವವರೆಲ್ಲ ಬೆಂಚಿನಲ್ಲಿ ಕೂತಿರುತ್ತಾರೆ" ಎಂದು ನಕ್ಕರು.

ಜಗಲಿಯಲ್ಲೇ ಓದಿ ನೋಡಿದೆ. ಇದ್ದದ್ದು ಕೊಂಕಣಿಯಲ್ಲಿ, ನಾಲ್ಕನೆಯ ಕೋರಿಕೆಯ ಅರ್ಥ ಇಷ್ಟು: ಗಡಿಯಲ್ಲಿರುವ ನಮ್ಮ ಮಕ್ಕಳಿಗಾಗಿ, ಮತ್ತು ಅವರ ಬಂದೂಕಿನ ಎದುರು ನಿಂತಿರುವ, ನಮಗೆ ಹೆಸರು ಗೊತ್ತಿಲ್ಲದ ತಾಯಂದಿರ ಮಕ್ಕಳಿಗಾಗಿ.

ನಾನು ತಲೆಯೆತ್ತಿ ನೋಡಿದೆ.

"ನನ್ನ ಮಗ ಕೊಲ್ಲಲಿಕ್ಕೆ ಹೋದದ್ದಲ್ಲವಾ" ಎಂದರು ಅವರು, ತಗ್ಗಿದ ದನಿಯಲ್ಲಿ. "ಅವನು ಬದುಕಿ ಬರಲಿ ಅಂತ ದಿನಾ ಕೇಳ್ತೇನೆ. ಅವನ ಕೈಯಿಂದ ಸಾಯುವವನಿಗಾಗಿ ಯಾರು ಕೇಳಬೇಕು? ಅದನ್ನೂ ನಾನೇ ಕೇಳಬೇಕಲ್ಲ."

ಅವರು ಹೋದ ಮೇಲೆ ನಿಮ್ಮ ಅಜ್ಜ ಹಾಳೆ ಓದಿದರು. ಅವರ ಅಂಗಡಿ ಪುಂಜಾಲಕಟ್ಟೆಯ ಪೇಟೆಯಲ್ಲಿ, ನಾಲ್ಕು ಜನ ದಿನಾ ಬಂದು ಕೂರುವ ಜಾಗದಲ್ಲಿತ್ತು. "ಅದೊಂದು ಬಿಡು ಮಾರಾಯ್ತಿ" ಎಂದರು. "ಪೇಟೆಯಲ್ಲಿ ನಾವು ಕ್ರಿಶ್ಚಿಯನ್ನರು ಇರುವುದೇ ನಾಲ್ಕು ಮನೆ. ನಾಳೆ ಯಾರಾದರೂ, ನೀವು ಯಾರ ಕಡೆಯವರು ಅಂತ ಕೇಳಿದರೆ ಗುರ್ಕಾರ್ರು ಬರ್ತಾರಾ ಉತ್ತರ ಕೊಡಲಿಕ್ಕೆ?" ಅವರು ಕೆಟ್ಟವರಲ್ಲ. ಹೆದರಿದ್ದರು. ಆದರೂ ಆ ಮಾತಿಗಾಗಿ ನನಗೆ ಅವರ ಮೇಲೆ ಇಂದಿಗೂ ಸಿಟ್ಟಿದೆ. ಅವರ ಗೋರಿಗೆ ಹೂವಿಡುವಾಗಲೂ ಇದೆ.

ಮರುದಿನ ನಾನು ಮೂರು ಕೋರಿಕೆ ಓದಿದೆ. ನಾಲ್ಕನೆಯದನ್ನು ಬಿಟ್ಟು ಐದನೆಯದು ಓದಿದೆ. ಅಂದಿನ ವಾಚನ ಯಾವುದು ಗೊತ್ತೇ? ವೈರಿಗಳನ್ನು ಪ್ರೀತಿಸಿ ಎಂದು ಬೆಟ್ಟದ ಮೇಲೆ ಯೇಸು ಹೇಳಿದ ಮಾತು. ಅದನ್ನು ಎಲ್ಲರೂ ಎದ್ದುನಿಂತು ಕೇಳಿದ್ದೆವು.

ನಾನು ಹಾಳೆ ಮಡಚುವಾಗ ಎರಡನೆಯ ಬೆಂಚಿನಿಂದ ಗುರ್ಕಾರರು ಎದ್ದರು. ಹಾಳೆಯಿಲ್ಲದೆ, ಮೈಕಿಲ್ಲದೆ, ಆ ಕೋರಿಕೆಯನ್ನು ಪೂರ್ತಿ ಹೇಳಿದರು. ಹೇಳಿ ನನ್ನನ್ನೇ ನೋಡಿದರು. ಉತ್ತರ ಎತ್ತಿಕೊಡಬೇಕಾದವಳು ನಾನು. ಮೈಕು ನನ್ನ ಬಾಯಿಯ ಮುಂದೆಯೇ ಇತ್ತು... ನಾನು ಕಾಲಿನ ಬೆರಳು ನೋಡುತ್ತಾ ನಿಂತೆ. ಯಾರೂ ಉತ್ತರ ಕೊಡಲಿಲ್ಲ. ಫಾದರ್ ಕೂಡ ಕನ್ನಡಕ ಸರಿಮಾಡಿಕೊಂಡರು, ಅಷ್ಟೇ. ಕೊನೆಗೆ ಗುರ್ಕಾರರು ಒಬ್ಬರೇ "ದೇವರೇ, ನಮ್ಮ ಮೊರೆ ಕೇಳು" ಎಂದು ಹೇಳಿ ಕೂತರು.

ಪೂಜೆ ಬಿಟ್ಟ ಮೇಲೆ ಹೊರಗೆ ನಮ್ಮ ವಾರ್ಡಿನ ಕಾರ್ಯದರ್ಶಿ ಎಲ್ಲರಿಗೂ ಕೇಳುವ ಹಾಗೆ, "ಇನ್ನು ಗುರ್ಕಾರ್ರು ಆಚೆಯವರಿಗೂ ಒಂದು ವಾರ್ಡು ಮಾಡ್ತಾರೋ ಏನೋ" ಎಂದಳು. ಜನ ನಕ್ಕರು. ಒಂದು ತಿಂಗಳೊಳಗೆ ವಾರ್ಡಿನ ಮೀಟಿಂಗ್ ಕರೆದು, ವಯಸ್ಸಾಯಿತು ಎಂದು ಹೇಳಿ ಬೇರೆಯವರನ್ನು ಆರಿಸಿದರು. ಆಗ ಅವರಿಗೆ ಅರವತ್ತೂ ಆಗಿರಲಿಲ್ಲ. ಅಕ್ಟೋಬರಿನ ಜಪಮಾಲೆಗೆ ಮನೆಮನೆಗೆ ಹೋಗುವ ಮರಿಯಮ್ಮನ ಪ್ರತಿಮೆ ಅವರ ಮನೆಯಲ್ಲಿತ್ತು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ಒಪ್ಪಿಸಿದರು. ಆ ಮೀಟಿಂಗಿನಲ್ಲಿ ನಾನೂ ಇದ್ದೆ. ಬದಲಾಯಿಸುವುದು ಬೇಡ ಎನ್ನುವವರು ಕೈ ಎತ್ತಿ ಎಂದಾಗ ನನ್ನ ಕೈ ಸೆರಗಿನೊಳಗೇ ಇತ್ತು.

ಯುದ್ಧ ನಿಂತಿತು. ಮಗ ಬದುಕಿ ಬಂದ. ಅಂದು ಪೂಜೆಯಲ್ಲಿ ಬಾಯಿ ಬಿಡದ ಅದೇ ಜನ ಅವನಿಗೆ ಹಾರ ಹಾಕಿದರು, ವೀರನ ತಂದೆ ಬನ್ನಿ ಎಂದು ಗುರ್ಕಾರರನ್ನೂ ಫೋಟೋಕ್ಕೆ ಕರೆದರು. ಅವರು ಬರಲಿಲ್ಲ. ಸಭಾಂಗಣದ ಹಿಂದೆ ಚಾ ಪಾತ್ರೆಯ ಹತ್ತಿರ ನಿಂತಿದ್ದರು.

ಎಷ್ಟೋ ಸಮಯದ ನಂತರ ಒಂದು ಮಧ್ಯಾಹ್ನ ಪುಂಜಾಲಕಟ್ಟೆಯಲ್ಲಿ ಮೂಡುಬಿದಿರೆಯ ಕಡೆಗೆ ಹೋಗಲು ಬಸ್ಸು ಕಾಯುವಾಗ ಸಿಕ್ಕಿದರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಬಂದ ಮಾತು, "ಮಗ ಹೇಗಿದ್ದಾನೆ?"

"ಇದ್ದಾನೆ. ಪಟಾಕಿ ಹೊಡೆದರೆ ಒಳಗೆ ಹೋಗಿ ಬಾಗಿಲು ಹಾಕ್ತಾನೆ" ಎಂದರು. ಆಮೇಲೆ ರಸ್ತೆಯ ಕಡೆ ನೋಡುತ್ತಾ, "ನೀನು ಓದದೆ ಬಿಟ್ಟದ್ದಕ್ಕೆ ನನಗೆ ಬೇಜಾರಿಲ್ಲ ಬಾಯೆ. ನಾನು ಹೇಳಿದ ಮೇಲಾದರೂ ನೀನೊಬ್ಬಳು..." ಎಂದರು. ಬಸ್ಸು ಬಂತು. ಕೈಚೀಲ ಎತ್ತಿಕೊಟ್ಟು, "ಸೀಟು ಉಂಟು, ಹೋಗು" ಎಂದರು. ಮತ್ತೆ ನಾನು ಅವರನ್ನು ನೋಡಿದ್ದು ಶವಪೆಟ್ಟಿಗೆಯಲ್ಲಿ. ಅಲ್ಲಿ ಹೇಳಿಕೊಂಡು ಏನು ಪ್ರಯೋಜನ?

ಈಗ ಕೋರಿಕೆಗಳು ಅಚ್ಚಾಗಿಯೇ ಬರುತ್ತವೆ. ಅವುಗಳಲ್ಲಿ ವಿಶ್ವಶಾಂತಿಗಾಗಿ ಎಂದು ಒಂದು ಇದ್ದೇ ಇರುತ್ತದೆ. ಅದಕ್ಕೆ ಇಗರ್ಜಿ ಬಿರಿಯುವ ಹಾಗೆ ಉತ್ತರ ಕೊಡುತ್ತಾರೆ. ಯಾಕೆಂದರೆ ಅದರೊಳಗೆ ಮನುಷ್ಯರು ಯಾರೂ ಇಲ್ಲ. ಪೂಜೆ ಮುಗಿಸಿ ಹೊರಗೆ ಬಂದು ಮೊಬೈಲು ತೆರೆದು, ಯಾರ ಮನೆ ಬಿತ್ತು, ಎಷ್ಟು ಜನ ಸತ್ತರು ಎಂದು ಆಟದ ಹಾಗೆ ನೋಡುತ್ತಾರೆ.

ಮಕ್ಕಳೇ, ನಿಮ್ಮ ಪಪ್ಪ ಇರುವ ಗಲ್ಫಿನ ಊರಿನ ಮೇಲೆಯೂ ಈಗ ಕ್ಷಿಪಣಿಗಳು ಹಾರುತ್ತಿವೆ. ಮೊನ್ನೆ ಫೋನಿನಲ್ಲಿ, ಏನಿಲ್ಲಮ್ಮ, ಸದ್ದು ಮಾತ್ರ ಎಂದ. ಅವುಗಳನ್ನು ಹಾರಿಸುವ ದೇಶದಲ್ಲಿಯೂ ಒಂದು ಪೇಟೆ ಇರುತ್ತದೆ. ಅಲ್ಲಿಯೂ ಪಟಾಕಿ ಹೊಡೆಯುವುದನ್ನು ಶಾಲೆಗೆ ಹೋಗುವ ಮಕ್ಕಳು ನಿಂತು ನೋಡುತ್ತಾರೆ. ಅಲ್ಲಿ ಒಬ್ಬ ಮುದುಕ ಎದ್ದು, ತನಗೆ ಹೆಸರು ಗೊತ್ತಿಲ್ಲದ ನನ್ನ ಮಗನಿಗಾಗಿ ದೇವರನ್ನು ಕೇಳಿದರೆ, ಅವನ ಸುತ್ತ ಕೂತವರು ಬಾಯಿ ಬಿಡಬೇಕೆಂದು ನನಗೆ ಆಸೆ. ಆದರೆ ಹಾಗೆ ಆಸೆಪಡುವ ಹಕ್ಕನ್ನು ನಾನು ಅಂದೇ ಕಳೆದುಕೊಂಡೆ.

ಇದನ್ನು ಓದಿ ನಿಮ್ಮ ಅಜ್ಜನ ಮೇಲೆ ಸಿಟ್ಟು ಬಂದರೆ ಬರಲಿ. ನನ್ನ ಮೇಲೆ ಇನ್ನೂ ಹೆಚ್ಚು ಬರಲಿ. ಸಿಟ್ಟಿನಲ್ಲಿ ಹರಿದು ಮಾತ್ರ ಹಾಕಬೇಡಿ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.